ಹಾಸಿಗೆಯ ಬದಿಯ ಮಾತು: ಶುಶ್ರೂಷಾ ಸಹಾಯಕಿಯರಿಗೆ ಒಂದು ಪಾಠ

ಪೀಠಿಕೆ

ಆಸ್ಪತ್ರೆಗೆ ಬಂದ ರೋಗಿಗೆ ಔಷಧಕ್ಕಿಂತ ಮೊದಲು ದೊರೆಯುವುದು ಮಾತು. ಚೀಟಿ ಬರೆಸುವ ಕಿಟಕಿಯಲ್ಲಿ, ವಾರ್ಡಿನ ಬಾಗಿಲಲ್ಲಿ, ಹಾಸಿಗೆಯ ಬದಿಯಲ್ಲಿ ಕೇಳಿದ ನಾಲ್ಕು ಮಾತುಗಳಿಂದಲೇ ಈ ಸ್ಥಳವನ್ನು ನಂಬಬಹುದೋ ಇಲ್ಲವೋ ಎಂಬುದನ್ನು ರೋಗಿಯೂ ಆಕೆಯ ಮನೆಯವರೂ ನಿರ್ಧರಿಸಿಬಿಡುತ್ತಾರೆ. ಆದುದರಿಂದ ಮೃದುವಾಗಿ ಮಾತನಾಡಬೇಕೆಂಬ ಉಪದೇಶವನ್ನು ತರಬೇತಿಯ ಮೊದಲ ದಿನದಿಂದಲೂ ನೀವೆಲ್ಲರೂ ಕೇಳುತ್ತ ಬಂದಿದ್ದೀರಿ. ಅದನ್ನು ಇಲ್ಲಿ ಮತ್ತೆ ಹೇಳುವ ಉದ್ದೇಶವಿಲ್ಲ.

ಈ ಪಾಠದ ವಿಷಯ ಇನ್ನೂ ಕಠಿಣವಾದುದು. ನೀವು ಮೃದುವಾಗಿಯೇ ಇದ್ದೀರಿ; ಆದರೆ ನಿಮ್ಮೊಡನೆ ಕೆಲಸ ಮಾಡುವವರು ರೋಗಿಯನ್ನು ಗದರುತ್ತಾರೆ, ಹಂಗಿಸುತ್ತಾರೆ ಅಥವಾ ಕಂಡೂ ಕಾಣದಂತೆ ನಡೆದುಕೊಳ್ಳುತ್ತಾರೆ. ಅವರು ನಿಮಗಿಂತ ಹಿರಿಯರು, ಬಹುಕಾಲದ ಅನುಭವಿಗಳು. ನಾಳೆಯೂ ನಾಡಿದ್ದೂ ನೀವು ಅವರ ಕೈಕೆಳಗೆ ದುಡಿಯತಕ್ಕವರು. ಆಗ ಶುಶ್ರೂಷಾ ಸಹಾಯಕಿಯಾದವಳು ಏನು ಮಾಡಬೇಕು? ಸುಮ್ಮನಿರಬೇಕೆ, ಎದುರಾಡಬೇಕೆ, ದೂರು ಕೊಡಬೇಕೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳ ಆಸ್ಪತ್ರೆಗಳಲ್ಲಿಯೂ ಆರೋಗ್ಯ ಕೇಂದ್ರಗಳಲ್ಲಿಯೂ ದುಡಿಯುವ ಸಹಾಯಕಿಯರನ್ನೂ ಆಯಾಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಪಾಠವನ್ನು ಬರೆಯಲಾಗಿದೆ. ಬೇರೆ ಭಾಗದವರಿಗೂ ಇದು ಉಪಯೋಗವಾದೀತು.

ಒಂದು ರಾತ್ರಿಯ ಸಂಗತಿ

ನಾನು ಹಿಂದೆ ಸೇವೆಯಲ್ಲಿದ್ದ ಒಂದು ಆಸ್ಪತ್ರೆಯಲ್ಲಿ ನಡೆದ ಸಂಗತಿಯನ್ನು ಮೊದಲು ಹೇಳುತ್ತೇನೆ. ಸ್ಥಳದ ಮತ್ತು ವ್ಯಕ್ತಿಗಳ ಹೆಸರು ಇಲ್ಲಿ ಅನಾವಶ್ಯಕ. ಇಂಥದು ಎಲ್ಲಿಯಾದರೂ ನಡೆಯಬಹುದು.

ತಾಂಡಾವೊಂದರಿಂದ ಚೊಚ್ಚಲ ಹೆರಿಗೆಗೆಂದು ಒಬ್ಬ ಹುಡುಗಿ ರಾತ್ರಿ ಹತ್ತರ ಸುಮಾರಿಗೆ ಬಂದಳು. ಅವಳಿಗೆ ಕನ್ನಡ ತಿಳಿಯುತ್ತಿತ್ತಾದರೂ ನೋವು ಬಂದಾಗ ಬಾಯಿಂದ ಹೊರಡುತ್ತಿದ್ದುದು ಲಂಬಾಣಿ ಮಾತು. ಅತ್ತೆಯನ್ನು ಹೊರಗೆ ಕೂಡಿಸಲಾಗಿತ್ತು. ಅಂದು ಹೆರಿಗೆ ಕೋಣೆಯಲ್ಲಿ ಒಬ್ಬ ಹಿರಿಯ ಶುಶ್ರೂಷಕಿ ಮತ್ತು ಒಬ್ಬ ಎಳೆಯ ಸಹಾಯಕಿ ಮಾತ್ರ ಇದ್ದರು. ಹುಡುಗಿ ಕೂಗಿಕೊಂಡಾಗಲೆಲ್ಲ ಹಿರಿಯ ಶುಶ್ರೂಷಕಿಯ ಧ್ವನಿಯೂ ಏರುತ್ತಿತ್ತು. "ಯಾಕ ಒದರ್ಲಾಕತ್ತಿ? ಜಗತ್ತಿನ್ಯಾಗ ನೀ ಒಬ್ಬಾಕೇ ಹಡೀಲಾಕತ್ತೀಯೇನು? ಬಾಯಿ ಮುಚ್ಕೊಂಡು ಬಿದ್ಕೊ" ಎಂದು ಗದರಿದುದನ್ನು ಸಹಾಯಕಿ ಕೇಳಿದಳು. ಅವಳಿಗೆ ಕಸಿವಿಸಿಯಾಯಿತು, ಆದರೂ ತಲೆ ಬಗ್ಗಿಸಿಕೊಂಡು ತನ್ನ ಕೆಲಸದಲ್ಲಿಯೇ ಇದ್ದಳು.

ರಾತ್ರಿ ಎರಡೂವರೆಗೆ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಅಷ್ಟರಲ್ಲಿ ಪಕ್ಕದ ಮೇಜಿನ ಮೇಲೆ ಇನ್ನೊಬ್ಬ ಹೆಂಗಸಿಗೆ ಹೆರಿಗೆಯ ಹೊತ್ತು ಸಮೀಪಿಸಿ, ಹಿರಿಯ ಶುಶ್ರೂಷಕಿ ಅತ್ತ ತಿರುಗಬೇಕಾಯಿತು. ಮೂರು ಗಂಟೆಯ ನಂತರ ಸಹಾಯಕಿ ಬಿಸಿ ಚಹಾ ತೆಗೆದುಕೊಂಡು ಬಾಣಂತಿಯ ಬಳಿಗೆ ಹೋದಳು. ಲೋಟ ಕೊಡಲು ಕೈ ಮುಟ್ಟಿದಾಗ ಆ ಕೈ ತಣ್ಣಗಿತ್ತು, ಬೆವತಿತ್ತು. ಹೊದಿಕೆ ಎತ್ತಿ ನೋಡಿದರೆ ಕೆಳಗಿನ ಬಟ್ಟೆಯೆಲ್ಲ ರಕ್ತದಿಂದ ತೊಯ್ದಿತ್ತು.

ಸಹಾಯಕಿ ಕೂಗಿದ ಕೂಡಲೇ ಹಿರಿಯ ಶುಶ್ರೂಷಕಿ ಓಡಿ ಬಂದರು. ಆಮೇಲೆ ಅವರು ಮಾಡಿದ ಕೆಲಸದಲ್ಲಿ ಒಂದು ಕ್ಷಣವೂ ವ್ಯರ್ಥವಾಗಲಿಲ್ಲ. ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ತಿಕ್ಕಿ ಗಟ್ಟಿಯಾಗಿಸುತ್ತ, ಆಕ್ಸಿಟೋಸಿನ್ ಕೊಟ್ಟು, ರಕ್ತನಾಳಕ್ಕೆ ಸಲೈನ್ ಹಚ್ಚಿ, ಮನೆಯಲ್ಲಿದ್ದ ನನಗೆ ಹೇಳಿ ಕಳುಹಿಸಿದರು. ನಾನು ಬರುವ ವೇಳೆಗೆ ರಕ್ತಸ್ರಾವ ಹಿಡಿತಕ್ಕೆ ಬಂದಿತ್ತು. ಹುಡುಗಿಯನ್ನು ಆಂಬ್ಯುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ರಕ್ತ ಕೊಟ್ಟರು. ಅವಳು ಬದುಕಿದಳು.

ಆರು ವಾರಗಳ ನಂತರ ಮಗುವಿಗೆ ಲಸಿಕೆ ಹಾಕಿಸಲು ಅತ್ತೆ ಸೊಸೆ ಬಂದರು. ಅತ್ತೆ ಮೊದಲು ಒಬ್ಬಳೇ ಒಳಗೆ ಇಣುಕಿ ನೋಡಿ, "ಆ ಬಾಯಾರು ಅದಾರೇನ್ರಿ?" ಎಂದು ಕೇಳಿದಳು. ಇಲ್ಲವೆಂದು ತಿಳಿದ ಮೇಲೆ ಸೊಸೆಯನ್ನು ಕರೆದಳು. ಅಂದು ರಾತ್ರಿ ಬಟ್ಟೆ ತೊಯ್ಯುತ್ತಿದ್ದುದು ಗೊತ್ತಾಗಲಿಲ್ಲವೇ ಎಂದು ಸಹಾಯಕಿ ಆ ಹುಡುಗಿಯನ್ನು ವಿಚಾರಿಸಿದಳು. "ಗೊತ್ತಾಗಿತ್ತರಿ ಅಕ್ಕಾರ. ಮತ್ತ ಬೈತಾರಂತ ಅಂಜಿ ಹೇಳ್ಲಿಲ್ಲರಿ" ಎಂದು ಅವಳು ಉತ್ತರವಿತ್ತಳು.

ಈ ಪಾಠದ ಸಾರವೆಲ್ಲ ಆ ಒಂದು ಉತ್ತರದಲ್ಲಿದೆ.

ಮಾತು ಹೇಗೆ ಅಪಾಯವನ್ನು ತರುತ್ತದೆ

ಒರಟು ಮಾತನ್ನು ಶಿಷ್ಟಾಚಾರದ ಲೋಪವೆಂದಷ್ಟೇ ಎಣಿಸುವ ರೂಢಿಯಿದೆ. ವೈದ್ಯಕೀಯ ದೃಷ್ಟಿಯಿಂದ ನೋಡಿದರೆ ಅದು ಚಿಕಿತ್ಸೆಯ ಲೋಪವೂ ಹೌದು. ಇದಕ್ಕೆ ಮೂರು ಕಾರಣಗಳುಂಟು.

ಮೊದಲನೆಯದು, ಹೆದರಿದ ರೋಗಿ ತನ್ನ ಬಾಧೆಯನ್ನು ಮರೆಮಾಚುತ್ತಾಳೆ. ಹೆರಿಗೆಯ ತರುವಾಯ 500 ಮಿಲಿಲೀಟರಿಗೆ ಮೀರಿ ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವವೆಂದು ಕರೆಯುತ್ತೇವೆ. ರಕ್ತಹೀನತೆಯಿಂದ ಮೊದಲೇ ಸೊರಗಿದ ತಾಯಿಗೆ ಅದಕ್ಕಿಂತ ಕಡಿಮೆ ಹೋದರೂ ಪ್ರಾಣಕ್ಕೆ ಸಂಚಕಾರ. ಆದಕಾರಣ ಹೆರಿಗೆಯಾದ ಮೇಲಿನ ಮೊದಲ 2 ಗಂಟೆಗಳಲ್ಲಿ ಪ್ರತಿ 15 ನಿಮಿಷಕ್ಕೊಮ್ಮೆ ನಾಡಿ, ರಕ್ತದೊತ್ತಡ, ಗರ್ಭಕೋಶದ ಗಟ್ಟಿತನ ಮತ್ತು ಸ್ರಾವಗಳನ್ನು ಪರೀಕ್ಷಿಸತಕ್ಕದ್ದು. ಎರಡು ಪರೀಕ್ಷೆಗಳ ನಡುವಣ ಹೊತ್ತಿನಲ್ಲಿ ನಮ್ಮ ಕಾವಲುಗಾರ್ತಿ ಬಾಣಂತಿಯೇ. ತಲೆ ಸುತ್ತುತ್ತಿದೆ, ಬಟ್ಟೆ ತೊಯ್ಯುತ್ತಿದೆ, ಕಣ್ಣು ಮಂಜಾಗುತ್ತಿದೆ ಎಂದು ಮೊದಲು ತಿಳಿಯುವುದು ಅವಳಿಗೆ. ಆ ಬಾಯಿಯನ್ನು ನಾವು ಮುಚ್ಚಿಸಿದರೆ ನಮ್ಮ ಕಣ್ಣನ್ನು ನಾವೇ ಕಟ್ಟಿಕೊಂಡಂತೆ.

ಎರಡನೆಯದು, ಭಯವು ದೇಹದ ಮೇಲೂ ಪರಿಣಾಮ ಬೀರುತ್ತದೆ. ಗರ್ಭಕೋಶವನ್ನು ಸಂಕುಚಿತಗೊಳಿಸುವ ಮತ್ತು ಎದೆಹಾಲನ್ನು ಇಳಿಸುವ ಆಕ್ಸಿಟೋಸಿನ್ ಎಂಬ ರಸವು ಮಿದುಳಿನ ಕೆಳಭಾಗದ ಗ್ರಂಥಿಯಿಂದ ಹೊರಡುತ್ತದೆ. ಭಯಗೊಂಡಾಗ ಏರುವ ಅಡ್ರಿನಲಿನ್ ಅದರ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಬೇನೆ ಮಂದವಾಗಬಹುದು; ಹಾಲು ಇಳಿಯುವುದು ತಡವಾಗಬಹುದು. ಬೇನೆಯ ಕಾಲದಲ್ಲಿ ನೆಚ್ಚಿನ ಹೆಂಗಸೊಬ್ಬಳು ನಿರಂತರವಾಗಿ ಬಳಿಯಲ್ಲಿದ್ದರೆ ಹೆರಿಗೆಯ ಅವಧಿ ಕಡಿಮೆಯಾಗುತ್ತದೆ, ಶಸ್ತ್ರಕ್ರಿಯೆಯ ಅವಶ್ಯಕತೆಯೂ ಇಳಿಯುತ್ತದೆ ಎಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗಾತಿಯೊಬ್ಬಳು ಇರಬಹುದೆಂದು ಕೇಂದ್ರ ಸರಕಾರ 2016ರಲ್ಲಿಯೇ ತಿಳಿಸಿತು. ಹೆರಿಗೆ ಕೋಣೆಗಳ ಗುಣಮಟ್ಟಕ್ಕಾಗಿ 2017ರ ಡಿಸೆಂಬರಿನಲ್ಲಿ ಆರಂಭವಾದ 'ಲಕ್ಷ್ಯ' ಕಾರ್ಯಕ್ರಮವು ತಾಯಿಯನ್ನು ಗೌರವದಿಂದ ನಡೆಸಿಕೊಳ್ಳುವುದನ್ನೂ ಗುಣಮಟ್ಟದ ಭಾಗವಾಗಿ ಎಣಿಸುತ್ತದೆ. ಆದುದರಿಂದ ಗೌರವದ ನಡತೆ ಯಾರ ಕೃಪೆಯೂ ಅಲ್ಲ. ಅದು ಕೆಲಸದ ಒಂದು ಅಂಗ.

ಮೂರನೆಯದು, ಬೈಗುಳದ ಸುದ್ದಿ ಊರಿಗೆ ಹೋಗುತ್ತದೆ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೂರು ವಿಳಂಬಗಳು

ತಾಯಂದಿರ ಸಾವಿಗೆ ಮೂರು ವಿಳಂಬಗಳು ಕಾರಣವೆಂದು ಥಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ವಿವರಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ಮನೆಯಲ್ಲಿ ನಿಶ್ಚಯಿಸುವುದರಲ್ಲಿ ಆಗುವ ತಡ ಮೊದಲನೆಯದು. ಆಸ್ಪತ್ರೆಯನ್ನು ಮುಟ್ಟುವುದರಲ್ಲಿ ಆಗುವ ತಡ ಎರಡನೆಯದು. ಮುಟ್ಟಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ಆಗುವ ತಡ ಮೂರನೆಯದು.

ನಮ್ಮ ಜಿಲ್ಲೆಯ ಸ್ಥಿತಿಗೆ ಇದನ್ನು ಅನ್ವಯಿಸಿ ನೋಡಿರಿ. ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ. ನಡುವೆ ಮಳೆಯನ್ನೇ ನಂಬಿದ ವಿಶಾಲವಾದ ಎರೆಭೂಮಿ. ಸಿಂದಗಿಯಿಂದ ವಿಜಯಪುರಕ್ಕೆ ಸುಮಾರು 60 ಕಿಲೋಮೀಟರು. ಮುದ್ದೇಬಿಹಾಳದಿಂದ ಇನ್ನೂ ದೂರ. ದುಡಿಮೆಗಾಗಿ ಮಹಾರಾಷ್ಟ್ರಕ್ಕೂ ಗೋವೆಗೂ ಗುಳೆ ಹೋಗುವ ಕುಟುಂಬಗಳು ಇಲ್ಲಿ ಅನೇಕ. ಇಂಥಲ್ಲಿ ಎರಡನೆಯ ವಿಳಂಬವೇ ದೊಡ್ಡದಾಗಿತ್ತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಸೇವೆ ಆರಂಭವಾದ ಮೇಲೆ ಆ ಭಾರ ಸಾಕಷ್ಟು ಇಳಿಯಿತು. 2005-06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಅದು 97ಕ್ಕೆ ಏರಿತು. ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001-03ರಲ್ಲಿ 228 ಇದ್ದುದು 2018-20ರಲ್ಲಿ 69ಕ್ಕೆ ಇಳಿಯಿತು.

ಇದು ಸಂತೋಷದ ಸಂಗತಿ. ಆದರೆ ತಾಯಂದಿರು ಬಾಗಿಲಿಗೆ ಬಂದ ಮೇಲೆ ಉಳಿದ ಎರಡು ವಿಳಂಬಗಳು ಬಹುಮಟ್ಟಿಗೆ ನಮ್ಮ ನಡತೆಯನ್ನು ಅವಲಂಬಿಸಿವೆ. ಬೈಸಿಕೊಂಡವಳು ಬಾಧೆಯನ್ನು ಹೇಳದಿದ್ದರೆ ಅದು ಮೂರನೆಯ ವಿಳಂಬ. ಆಕೆಯ ಕಥೆ ಕೇಳಿದ ನೆರೆಮನೆಯವಳು 'ಬೆಳಗಾಗಲಿ, ನೋಡೋಣ' ಎಂದು ಬೇನೆಯನ್ನು ಮನೆಯಲ್ಲಿಯೇ ತಡೆದುಕೊಂಡರೆ ಅದು ಮೊದಲನೆಯ ವಿಳಂಬ.

ಕುಟುಂಬ ಕಲ್ಯಾಣದ ಕೆಲಸಕ್ಕೂ ಇದರಿಂದ ಹಾನಿಯುಂಟು. 'ಅಂತರಾ' ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಪಡೆಯಬೇಕು. ವಂಕಿ ಹಾಕಿಸಿಕೊಂಡವಳು ತಪಾಸಣೆಗೆ ಮರಳಿ ಬರಬೇಕು. "ಎಷ್ಟು ಹಡೀತೀ? ಬುದ್ಧಿ ಇಲ್ಲೇನು?" ಎಂದು ವಾರ್ಡಿನಲ್ಲಿ ನಾಲ್ಕು ಜನರೆದುರು ಕೇಳಿಸಿಕೊಂಡವಳು ಮತ್ತೆ ಬರುವಳೇ? ಗರ್ಭನಿರೋಧಕ ವಿಧಾನವನ್ನು ಸ್ತ್ರೀಯು ತಿಳಿದು, ತಾನಾಗಿ ಒಪ್ಪಿ ಸ್ವೀಕರಿಸಬೇಕು. ನಾಚಿಸಿ ಒಪ್ಪಿಸಿದ್ದು ಒಪ್ಪಿಗೆಯಾಗದು.

ಒರಟುತನದ ಮೂಲ

ಸಹೋದ್ಯೋಗಿಯನ್ನು ತಿದ್ದುವ ಮೊದಲು ಆಕೆಯನ್ನು ತಿಳಿದುಕೊಳ್ಳುವುದು ಅವಶ್ಯಕ. ರೋಗವನ್ನು ಅರಿಯದೆ ಔಷಧ ಕೊಡಲಾಗದಷ್ಟೆ.

ಕೆಲವರು ದಣಿವಿನಿಂದ ಒರಟಾಗುತ್ತಾರೆ. ಇಬ್ಬರು ಮಾಡಬೇಕಾದ ರಾತ್ರಿಪಾಳಿಯನ್ನು ಒಬ್ಬರೇ ಮಾಡಿ, ಮನೆಗೆ ಹೋಗಿ ಒಲೆ ಹೊತ್ತಿಸಿ, ಮರಳಿ ಬಂದವರ ಧ್ವನಿ ಬೇಗನೆ ಏರುತ್ತದೆ. ಕೆಲವರು ಭಯದಿಂದ ಒರಟಾಗುತ್ತಾರೆ. ತಾಯಿ ಸರಿಯಾಗಿ ಸಹಕರಿಸದೆ ಮಗುವಿಗೆ ತೊಂದರೆಯಾದೀತು, ದೋಷ ತಮ್ಮ ಮೇಲೆ ಬಂದೀತು ಎಂಬ ಅಂಜಿಕೆ ಗದರಿಕೆಯ ರೂಪದಲ್ಲಿ ಹೊರಬೀಳುತ್ತದೆ. ಇನ್ನು ಕೆಲವರು, ಗದರಿದರೇ ಹೆರಿಗೆ ಸುಸೂತ್ರವೆಂದು ತಮ್ಮ ಹಿರಿಯರಿಂದ ಕಲಿತು ಪ್ರಾಮಾಣಿಕವಾಗಿ ಹಾಗೆಯೇ ನಂಬಿದ್ದಾರೆ. ಇವರೆಲ್ಲರೂ ತಿದ್ದಿಕೊಳ್ಳಬಲ್ಲವರು, ಇವರ ಕೈಯ ಕೌಶಲ ರೋಗಿಗಳಿಗೆ ಬೇಕು. ಮೇಲಿನ ಸಂಗತಿಯಲ್ಲಿ ಹುಡುಗಿಯ ಬಾಯಿ ಮುಚ್ಚಿಸಿದವರೂ ಅವಳ ಪ್ರಾಣ ಉಳಿಸಿದವರೂ ಒಬ್ಬರೇ ಎಂಬುದನ್ನು ಮರೆಯಬಾರದು.

ಆದರೆ ಬೇರೊಂದು ಬಗೆಯ ನಡತೆಯೂ ಉಂಟು. ರೋಗಿಯ ಮೇಲೆ ಕೈ ಮಾಡುವುದು, ಜಾತಿಯನ್ನೋ ತಾಂಡಾವನ್ನೋ ಎತ್ತಿ ಆಡುವುದು, ಹಣ ಕೊಡುವವರೆಗೆ ಮಗುವನ್ನು ತೋರಿಸದಿರುವುದು, ಕರೆದರೂ ಬಾರದೆ ಉಪಚಾರವನ್ನು ತಪ್ಪಿಸುವುದು. ಇವು ಒರಟುತನದ ಎಲ್ಲೆಯನ್ನು ಮೀರಿ ಅಪರಾಧವಾಗುತ್ತವೆ. ಇವೆರಡರ ನಡುವಿನ ಭೇದವನ್ನು ಸ್ಪಷ್ಟವಾಗಿ ತಿಳಿದಿದ್ದರೆ ಮುಂದಿನ ದಾರಿ ಸುಲಭ.

ಮೊದಲ ಹೆಜ್ಜೆ: ರೋಗಿಯ ಬಳಿಗೆ ಹೋಗುವುದು

ಸಹೋದ್ಯೋಗಿ ರೋಗಿಯನ್ನು ಗದರುತ್ತಿರುವಾಗ ನಿಮ್ಮ ದೃಷ್ಟಿ ಗದರುವವರ ಮೇಲೆ ಬೇಡ. ಗದರಿಸಿಕೊಂಡವರ ಮೇಲೆ ಇರಲಿ. ಆ ಕ್ಷಣದಲ್ಲಿ ನ್ಯಾಯ ಹೇಳುವುದು ನಿಮ್ಮ ಕೆಲಸವಲ್ಲ. ಹಾಸಿಗೆಯ ಬಳಿಗೆ ಹೋಗಿರಿ. ಕೈ ಹಿಡಿಯಿರಿ, ಬೆನ್ನು ನೀವಿರಿ, ಒಂದು ಗುಟುಕು ನೀರು ಕೊಡಿರಿ. "ಅಂಜಬ್ಯಾಡ ತಂಗಿ, ನಾ ಇಲ್ಲೇ ಅದೀನಿ. ಏನಾದ್ರೂ ಆದ್ರ ನನ್ನ ಕರಿ" ಎನ್ನಿರಿ. ವಯಸ್ಸಾದವರಾದರೆ 'ಮುತ್ಯಾ' ಎಂದೋ 'ಆಯಿ' ಎಂದೋ ಕರೆದು ಮಾತನಾಡಿಸಿರಿ. ನಿಮಗೆ ಲಂಬಾಣಿಯೋ ಉರ್ದುವೋ ಇಂಡಿಯ ಗಡಿ ಊರುಗಳ ಮರಾಠಿಯೋ ಬರುತ್ತಿದ್ದರೆ ಅದರಲ್ಲಿಯೇ ಹೇಳಿರಿ. ಸಹಾಯಕಿಯರು ಬಹುಮಟ್ಟಿಗೆ ಇದೇ ಸೀಮೆಯವರು. ವೈದ್ಯರಿಗಿಲ್ಲದ ಈ ಅನುಕೂಲ ಅವರಿಗಿದೆ.

ಇದು ಎದುರಾಟವಲ್ಲ, ಇದರಲ್ಲಿ ಯಾರಿಗೂ ಅವಮಾನವಿಲ್ಲ. ಆದರೂ ಇದರ ಪ್ರಯೋಜನ ದೊಡ್ಡದು. ನೀವು ಸುಮ್ಮನಿದ್ದರೆ, ಇಲ್ಲಿರುವವರೆಲ್ಲರೂ ಒಂದೇ ಎಂದು ರೋಗಿ ತಿಳಿಯುತ್ತಾಳೆ. ನೀವು ಬಳಿಗೆ ಹೋದರೆ, ಹೇಳಿಕೊಳ್ಳಲು ಒಬ್ಬರಿದ್ದಾರೆಂದು ತಿಳಿಯುತ್ತಾಳೆ. ಆ ರಾತ್ರಿ ನಮ್ಮ ಸಹಾಯಕಿ ಚಹಾ ಕೊಡಲು ಹೋದುದು ಅರ್ಧ ಗಂಟೆಗೂ ಹೆಚ್ಚು ಕಾಲದ ನಂತರ. ಗದರಿಕೆ ಕೇಳಿದಾಗಲೇ ಹೋಗಿ 'ನನ್ನನ್ನು ಕರೆ' ಎಂದಿದ್ದರೆ ಹುಡುಗಿ ಮೊದಲೇ ಕರೆಯುತ್ತಿದ್ದಳು ಎಂಬ ಕೊರಗು ಅವಳಿಗೆ ಬಹಳ ದಿನ ಇತ್ತು.

ಸಾಧ್ಯವಾದರೆ ಸಹೋದ್ಯೋಗಿಯ ಭಾರವನ್ನೂ ಆಗಲೇ ಹಗುರಗೊಳಿಸಿರಿ. "ಅಕ್ಕಾರ, ನೀವು ಆ ಕಡೀದು ನೋಡ್ರಿ, ಇವರನ್ನ ನಾ ನೋಡ್ಕೋತೀನಿ" ಎಂಬ ಮಾತು ಇಬ್ಬರಿಗೂ ಉಪಕಾರಿ. ಆದರೆ ನಿಮ್ಮ ಮಿತಿಯನ್ನು ಅರಿತಿರಿ. ಚುಚ್ಚುಮದ್ದು, ಔಷಧದ ಪ್ರಮಾಣ, ಒಳಪರೀಕ್ಷೆ ಇವು ನಿಮ್ಮ ಕೆಲಸಗಳಲ್ಲ. ನೋಡುವುದು, ಮುಟ್ಟಿ ತಿಳಿಯುವುದು, ಕೇಳುವುದು ಮತ್ತು ಕೂಡಲೇ ಹೇಳುವುದು ನಿಮ್ಮ ಕೆಲಸಗಳು. ಒರಟಾಗಿ ಮಾತನಾಡುವವರೆಂಬ ಕಾರಣಕ್ಕೆ ಅವರಿಗೆ ಹೇಳಲು ನೀವೇ ಅಂಜಿದರೆ, ರೋಗಿ ಮಾಡಿದ ತಪ್ಪನ್ನೇ ನೀವೂ ಮಾಡಿದಂತಾಗುತ್ತದೆ.

ಎರಡನೆಯ ಹೆಜ್ಜೆ: ಏಕಾಂತದಲ್ಲಿ ಮಾತನಾಡುವುದು

ರೋಗಿಯ ಎದುರಿನಲ್ಲಿ ಸಹೋದ್ಯೋಗಿಯನ್ನು ತಿದ್ದಲು ಹೋಗಬಾರದು. ಅದರಿಂದ ಜಗಳವಾಗುತ್ತದೆ, ರೋಗಿಯ ಹೆದರಿಕೆ ಇಮ್ಮಡಿಸುತ್ತದೆ, ನೀವು ಆಚೆ ಹೋದ ಮೇಲೆ ಸಿಟ್ಟು ರೋಗಿಯ ಮೇಲೆಯೇ ತಿರುಗಬಹುದು. ಪಾಳಿ ಮುಗಿದ ಮೇಲೆ, ಚಹಾದ ವೇಳೆಯಲ್ಲಿ, ಇಬ್ಬರೇ ಇರುವಾಗ ಮಾತು ತೆಗೆಯಬೇಕು. ಆಗ ನಾಲ್ಕು ಅಂಶಗಳು ನೆನಪಿನಲ್ಲಿರಲಿ.

1. ಆಕೆಯಲ್ಲಿರುವ ಒಳ್ಳೆಯ ಗುಣವನ್ನು ನಿಜವಾಗಿ ಗುರುತಿಸಿ ಹೇಳಿರಿ, ಮುಖಸ್ತುತಿ ಬೇಡ.
2. ಸ್ವಭಾವವನ್ನು ದೂಷಿಸಬೇಡಿರಿ. ನಡೆದ ಒಂದು ಸಂಗತಿಯನ್ನು ಮಾತ್ರ ಎತ್ತಿಕೊಳ್ಳಿರಿ. 'ನೀವು ಯಾವಾಗಲೂ ಬೈಯುತ್ತೀರಿ' ಎಂಬುದು ಆರೋಪ. 'ಮೊನ್ನೆ ಆ ಹುಡುಗಿ ಅಂಜಿ ಹೇಳಲಿಲ್ಲ' ಎಂಬುದು ಸಂಗತಿ.
3. ರೋಗಿಗೆ ಆದ ಪರಿಣಾಮವನ್ನು ಹೇಳಿರಿ.
4. ಮುಂದೆ ಇಬ್ಬರೂ ಸೇರಿ ಏನು ಮಾಡಬಹುದೆಂದು ಕೇಳಿರಿ.

ಮೇಲೆ ಹೇಳಿದ ಸಹಾಯಕಿಯು, ತಾಂಡಾದ ಹುಡುಗಿಯ ಉತ್ತರ ಕೇಳಿದ ಮರುದಿನ ಧೈರ್ಯ ಮಾಡಿ ಹಿರಿಯ ಶುಶ್ರೂಷಕಿಯ ಬಳಿ ಕುಳಿತಳು. "ಅಕ್ಕಾರ, ನೀವು ಇಲ್ದಿದ್ರ ಆವತ್ತ ಆ ಹುಡುಗಿ ಉಳೀತಿರ್ಲಿಲ್ಲ. ಆದ್ರ ಬೈತೀರಂತ ಅಂಜಿ ಆಕಿ ರಕ್ತ ಹೋಗೂದು ಹೇಳ್ಲಿಲ್ಲಂತ. ಅದು ನನ್ನ ಮನಸ್ಸಿನ್ಯಾಗ ಕುಂತದರಿ" ಎಂದಳು. ಹಿರಿಯರ ಮುಖ ಕೆಂಪಾಯಿತು. "ನಿನ್ನಷ್ಟು ವಯಸ್ಸಿದ್ದಾಗಿಂದ ಹೆರಿಗಿ ಮಾಡಿಸ್ಲಾಕತ್ತೀನಿ. ನನಗ ಕಲಸ್ಲಾಕ ಬರಬ್ಯಾಡ" ಎಂದು ಎದ್ದು ಹೋದರು. ಎರಡು ದಿನ ಮಾತಿಲ್ಲ. ಮೂರನೆಯ ರಾತ್ರಿ, ಹೆರಿಗೆಯಾದ ಹೆಂಗಸೊಬ್ಬಳ ಹೊದಿಕೆ ಸರಿಪಡಿಸುತ್ತ ಅವರು, "ಬಟ್ಟಿ ಭಾಳ ಒದ್ದಿ ಆದ್ರ, ತಲಿ ತಿರಗಿದ್ರ ಕೂಗು. ನಾ ಬೈದ್ರೂ ಕೂಗು" ಎಂದುದನ್ನು ಸಹಾಯಕಿ ಕೇಳಿದಳು. ತಪ್ಪಾಯಿತೆಂದು ಅವರು ಎಂದೂ ಹೇಳಲಿಲ್ಲ. ಧ್ವನಿ ಆಗಾಗ ಏರುತ್ತಲೇ ಇತ್ತು. ಆದರೆ ಆ ಸೂಚನೆಯನ್ನು ಮುಂದೆ ಪ್ರತಿ ಬಾಣಂತಿಗೂ ತಪ್ಪದೆ ಹೇಳುತ್ತಿದ್ದರು. ನಮಗೆ ಬೇಕಾದುದು ಕ್ಷಮೆಯಲ್ಲ, ಬದಲಾವಣೆ. ಅದು ಎಷ್ಟು ಸಣ್ಣದಾಗಿ ಬಂದರೂ ಸ್ವಾಗತಾರ್ಹ.

ಸರಿಸಮಾನರು ಪಕ್ಕದಲ್ಲಿ ನಿಂತು ಹೇಳಿದ ಮಾತು ಮೇಲಧಿಕಾರಿಯ ಆಜ್ಞೆಗಿಂತ ಆಳಕ್ಕೆ ಇಳಿಯುವುದುಂಟು. ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ 'ಸುಕ್ಷೇಮ' ಎಂಬ ತಾಯಿ-ಮಗುವಿನ ಆರೋಗ್ಯ ಯೋಜನೆ ನಡೆಯಿತು. ಅಂದು ಬಿಜಾಪುರವೆನಿಸಿಕೊಂಡಿದ್ದ ನಮ್ಮ ಜಿಲ್ಲೆಯೂ ಅವುಗಳಲ್ಲೊಂದು. ಅದರ ಅಂಗವಾಗಿ ಬಳ್ಳಾರಿ ಹಾಗೂ ಅಂದಿನ ಗುಲಬರ್ಗಾ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ಮಾಡಲಾಯಿತು. ತನಿಖಾಧಿಕಾರಿಗಳ ಬದಲು ಅನುಭವಿ ಶುಶ್ರೂಷಕಿಯರೇ ಮಾರ್ಗದರ್ಶಕಿಯರಾಗಿ ಹೋಗಿ, ಅಲ್ಲಿಯ ಶುಶ್ರೂಷಕಿಯರೊಡನೆ ನಿಂತು ಕೆಲಸ ಮಾಡುತ್ತ ಕಲಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಾರ್ಗದರ್ಶಕಿಯರು ಹೋದ ಕೇಂದ್ರಗಳಲ್ಲಿ ಹೆರಿಗೆಯ ತೊಡಕುಗಳನ್ನು ಎದುರಿಸುವ ತಿಳಿವಳಿಕೆಯೂ ಸಿದ್ಧತೆಯೂ ಉತ್ತಮವಾಗಿದ್ದವು. ಆ ಪ್ರಯೋಗ ನಡತೆಗಾಗಿಯೇ ಮಾಡಿದುದಲ್ಲ. ಆದರೂ ಜೊತೆಗೆ ನಿಂತವರಿಂದ ಜನ ಕಲಿಯುತ್ತಾರೆಂಬ ಅದರ ಪಾಠ ನಮಗೂ ಸಲ್ಲುತ್ತದೆ.

ಮೂರನೆಯ ಹೆಜ್ಜೆ: ಮೇಲಿನವರಿಗೆ ತಿಳಿಸುವುದು

ಎಲ್ಲವನ್ನೂ ಏಕಾಂತದ ಮಾತಿಗೆ ಬಿಡಲಾಗದು. ಹೊಡೆತ, ಜಾತಿನಿಂದೆ, ಹಣದ ಬೇಡಿಕೆ, ಉಪಚಾರದ ನಿರಾಕರಣೆ ಇವುಗಳನ್ನು ಕಂಡರೆ ಒಂದೇ ಬಾರಿ ಕಂಡರೂ ತಿಳಿಸತಕ್ಕದ್ದು. ಹೆರಿಗೆ, ಶಸ್ತ್ರಕ್ರಿಯೆ, ಔಷಧ, ರಕ್ತ, ಊಟ ಮತ್ತು ಸಾಗಾಟ ಇವೆಲ್ಲ ಸರಕಾರಿ ಆಸ್ಪತ್ರೆಯಲ್ಲಿ ಉಚಿತವೆಂದು 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಗೊತ್ತುಪಡಿಸಿದೆ. ಗಂಡು ಮಗುವಾಯಿತೆಂದು ಪೇಡೆಯ ಹೆಸರಿನಲ್ಲಿ ಹಣ ಕೇಳುವುದು ತಮಾಷೆಯಂತೆ ಕಂಡರೂ ಸಾಲ ಮಾಡಿ ಬಂದವರಿಗೆ ಅದು ತಮಾಷೆಯಲ್ಲ.

ತಿಳಿಸುವುದಕ್ಕೂ ಒಂದು ಕ್ರಮವುಂಟು. ಮೊದಲು ವಾರ್ಡಿನ ಹೊಣೆಯುಳ್ಳ ಹಿರಿಯ ಶುಶ್ರೂಷಕಿಗೆ ತಿಳಿಸಬೇಕು. ದೂರು ಅವರ ಮೇಲೆಯೇ ಇದ್ದರೆ ಆಡಳಿತ ವೈದ್ಯಾಧಿಕಾರಿಗೆ, ಅಲ್ಲಿಯೂ ಫಲ ಕಾಣದಿದ್ದರೆ ಮೇಲಿನ ಆರೋಗ್ಯಾಧಿಕಾರಿಗಳಿಗೆ. ಬರೆದು ಕೊಡುವಾಗ ದಿನಾಂಕ, ವೇಳೆ, ಕಣ್ಣಾರೆ ಕಂಡುದು, ಕಿವಿಯಾರೆ ಕೇಳಿದುದು ಇಷ್ಟನ್ನೇ ಬರೆಯಿರಿ. 'ಇವರು ಕೆಟ್ಟವರು' ಎಂಬ ಅಭಿಪ್ರಾಯ ಬೇಡ. ಪರರಿಂದ ಕೇಳಿದುದನ್ನು ಕಂಡಂತೆ ಬರೆಯಬೇಡಿರಿ. ಒಂದು ಪ್ರತಿಯನ್ನು ನಿಮ್ಮಲ್ಲಿಟ್ಟುಕೊಳ್ಳಿರಿ. ರೋಗಿಯ ಕಡೆಯವರು ತಾವೇ ದೂರಲಿಚ್ಛಿಸಿದರೆ ದಾರಿ ತೋರಿಸಿರಿ. ಅವರನ್ನು ತಡೆಯಲೂ ಬೇಡಿರಿ, ಎತ್ತಿಕಟ್ಟಲೂ ಬೇಡಿರಿ.

ಹೊರಗುತ್ತಿಗೆಯ ಮೇಲೆ ದುಡಿಯುವ ಸಹಾಯಕಿಗೆ ಕೆಲಸ ಹೋದೀತೆಂಬ ಭಯವಿರುವುದು ಸಹಜ. ಆ ಭಯವನ್ನು ಅಲ್ಲಗಳೆಯಲಾರೆ. ಒಬ್ಬಳೇ ಹೋಗುವುದಕ್ಕಿಂತ, ಅದನ್ನು ಕಂಡ ಇನ್ನೊಬ್ಬರೊಡನೆ ಹೋಗಿ ಹೇಳುವುದು ಮೇಲು.

ಮಾಡಬಾರದ ಕೆಲವು ಕೆಲಸಗಳು

ಸಹೋದ್ಯೋಗಿಯ ದೋಷವನ್ನು ರೋಗಿಯೊಡನೆ ಆಡಿಕೊಳ್ಳಬಾರದು. 'ಅವರ ಸ್ವಭಾವವೇ ಹಾಗೆ' ಎಂದು ನೀವು ನಕ್ಕರೆ ರೋಗಿಗೆ ಆಸ್ಪತ್ರೆಯ ಮೇಲಿನ ವಿಶ್ವಾಸವೇ ಹೋಗುತ್ತದೆ. ಬೈಸಿಕೊಂಡವರ ಹಾಸಿಗೆಯ ಪಕ್ಕದಲ್ಲಿ ನಿಂತು ಇಬ್ಬರು ಸಿಬ್ಬಂದಿ ಪಿಸುಗುಟ್ಟುವುದೂ ಕೆಡುಕೇ. ಫ್ಲಾರೆನ್ಸ್ ನೈಟಿಂಗೇಲರು 1859ರ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ಅನಗತ್ಯ ಸದ್ದಿನಿಂದಲೂ ಕೋಣೆಯೊಳಗಿನ ಪಿಸುಮಾತಿನಿಂದಲೂ ರೋಗಿಗಾಗುವ ಹಿಂಸೆಯನ್ನು ಎತ್ತಿ ತೋರಿಸಿದ್ದರು. ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುವುದಂತೂ ರೋಗಿಯ ಮಾನವನ್ನು ಬೀದಿಗೆ ತಂದಂತೆ. ಅದನ್ನು ಎಂದಿಗೂ ಮಾಡಕೂಡದು. ಕೊನೆಯದಾಗಿ, ನೋಡಿ ನೋಡಿ ರೂಢಿಯಾಗಿ ನೀವೇ ಹಾಗೆ ಮಾತನಾಡತೊಡಗುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ವೈದ್ಯಾಧಿಕಾರಿಯ ಪಾಲು

ಸಹಾಯಕಿಯರಿಗೆ ಇಷ್ಟೆಲ್ಲ ಹೇಳಿ ವೈದ್ಯನು ತನ್ನ ಪಾಲನ್ನು ಮರೆತರೆ ಪಾಠ ಅಪೂರ್ಣ. ಮೇಲೆ ವರ್ಣಿಸಿದ ರಾತ್ರಿಯ ಸಂಜೆಯೇ ನಾನು ವಾರ್ಡಿನಲ್ಲಿ ಸುತ್ತು ಬಂದಿದ್ದೆ. ದಾಖಲೆ ಪುಸ್ತಕ ತುಂಬಿರಲಿಲ್ಲವೆಂದು ಅದೇ ಹಿರಿಯ ಶುಶ್ರೂಷಕಿಯನ್ನು ರೋಗಿಗಳೆದುರಿನಲ್ಲಿಯೇ ಗದರಿದ್ದೆ. ಜೊತೆಯ ಶುಶ್ರೂಷಕಿ ರಜೆಯಲ್ಲಿದ್ದು ಅವರು ಇಬ್ಬರ ಕೆಲಸವನ್ನು ಮಾಡುತ್ತಿದ್ದಾರೆಂಬುದನ್ನು ನಾನು ವಿಚಾರಿಸಿರಲಿಲ್ಲ. ನನ್ನ ಬಾಯಿಂದ ಹೊರಟ ಗದರಿಕೆ ಅವರನ್ನು ಮುಟ್ಟಿ, ಅವರಿಂದ ತಾಂಡಾದ ಹುಡುಗಿಯನ್ನು ಮುಟ್ಟಿತು ಎಂದು ಈಗ ಅನಿಸುತ್ತದೆ. ನೀರಿನಂತೆ ಸಿಟ್ಟೂ ಇಳಿಜಾರಿಗೇ ಹರಿಯುತ್ತದೆ. ಎಲ್ಲರಿಗಿಂತ ಕೆಳಗೆ ಮಲಗಿರುವವಳು ರೋಗಿ.

ಆ ದಿನದಿಂದ ಎರಡು ನಿಯಮಗಳನ್ನು ಪಾಲಿಸಲು ಪ್ರಯತ್ನಿಸಿದ್ದೇನೆ. ಸಿಬ್ಬಂದಿಯ ತಪ್ಪನ್ನು ರೋಗಿಗಳೆದುರು ಹೇಳದಿರುವುದು ಒಂದು. ಸುತ್ತಿನ ಸಮಯದಲ್ಲಿ ಸಹಾಯಕಿಯನ್ನೂ ಬಳಿಗೆ ಕರೆದು, 'ರಾತ್ರಿ ಇವರು ಏನಾದರೂ ಹೇಳಿದರೇ?' ಎಂದು ಕೇಳುವುದು ಇನ್ನೊಂದು. ಕೇಳುವವರಿದ್ದರೆ ಹೇಳುವವರೂ ಇರುತ್ತಾರೆ.

ಮುಕ್ತಾಯ

ಮೆದುವಾದ ನುಡಿಯನ್ನು ಪೂಜೆಗೆ ಸಮನೆಂದು ಬಗೆದ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿದ್ದು ಇದೇ ಬಾಗೇವಾಡಿಯಲ್ಲಿ. ಆ ನೆಲದ ಆಸ್ಪತ್ರೆಗೆ ಬರುವ ಹೆಣ್ಣುಮಗಳು ಒಳಗೆ ಯಾರಿದ್ದಾರೆಂದು ಇಣುಕಿ ನೋಡಿ ಬರುವಂತಾಗಬಾರದು. ಸಹೋದ್ಯೋಗಿಯ ನಾಲಿಗೆ ನಿಮ್ಮ ವಶದಲ್ಲಿಲ್ಲ. ಆದರೆ ಅವರು ಗದರಿದ ಮರುಕ್ಷಣ ಆ ಹಾಸಿಗೆಯ ಬಳಿಗೆ ಹೋಗುವುದು ನಿಮ್ಮ ವಶದಲ್ಲಿದೆ. ಅಷ್ಟನ್ನು ಮಾಡಿರಿ, ಉಳಿದುದನ್ನು ಅಲ್ಲಿಂದ ಆರಂಭಿಸೋಣ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಹೆದರಿದ ಬಾಣಂತಿ ಯಾವ ಯಾವ ಅಪಾಯದ ಚಿಹ್ನೆಗಳನ್ನು ಮರೆಮಾಚಬಹುದು? ಅವುಗಳನ್ನು ನೀವಾಗಿಯೇ ಹೇಗೆ ಕಂಡುಕೊಳ್ಳುವಿರಿ?
2. ಮೂರು ವಿಳಂಬಗಳು ಯಾವುವು? ಅವುಗಳಲ್ಲಿ ಸಿಬ್ಬಂದಿಯ ನಡತೆಯನ್ನು ಅವಲಂಬಿಸಿದವು ಯಾವುವು?
3. ಹಿರಿಯ ಸಹೋದ್ಯೋಗಿಯೊಬ್ಬರು ವೃದ್ಧ ರೋಗಿಯ ಗಾಯಕ್ಕೆ ಪಟ್ಟಿ ಕಟ್ಟುವಾಗ 'ನಾಟಕ ಮಾಡಬೇಡ' ಎಂದು ಗದರಿದರು. ಆ ಕ್ಷಣದಲ್ಲಿ ನೀವೇನು ಮಾಡುವಿರಿ? ಪಾಳಿ ಮುಗಿದ ಮೇಲೆ ಏನು ಹೇಳುವಿರಿ?
4. ಏಕಾಂತದಲ್ಲಿ ಹೇಳಿ ತಿದ್ದಬಹುದಾದ ಎರಡು ನಡತೆಗಳನ್ನೂ ಕೂಡಲೇ ಮೇಲಿನವರಿಗೆ ತಿಳಿಸಬೇಕಾದ ಎರಡು ನಡತೆಗಳನ್ನೂ ಹೆಸರಿಸಿರಿ.
5. ಕಳೆದ ವಾರ ನೀವು ದಣಿದಿದ್ದಾಗ ರೋಗಿಯೊಡನೆ ಹೇಗೆ ಮಾತನಾಡಿದಿರಿ? ಈ ಪ್ರಶ್ನೆಗೆ ಉತ್ತರವನ್ನು ಬರೆಯಬೇಕಾಗಿಲ್ಲ. ನೆನಪು ಮಾಡಿಕೊಂಡರೆ ಸಾಕು.